ಊಟದ ಲೆಕ್ಕ ಊರಿನ ಸಭೆಗೆ ಬರಲಿ

ಯಾವುದೇ ಪುರಸಭೆಯ ನಡಾವಳಿ ಪುಸ್ತಕ ತೆರೆದು ನೋಡಿ. ರಸ್ತೆ, ಚರಂಡಿ, ಬೀದಿದೀಪ, ಕುಡಿಯುವ ನೀರು, ಕಸ, ಮಳಿಗೆಗಳ ಹರಾಜು, ಖಾತೆ ಬದಲಾವಣೆ, ಇವೇ ವಿಷಯಗಳು ಸಾಲುಸಾಲಾಗಿ ಸಿಗುತ್ತವೆ. ಊರಿನ ಜನ ಏನು ಉಣ್ಣುತ್ತಿದ್ದಾರೆ, ಅದು ಎಲ್ಲಿಂದ ಬರುತ್ತಿದೆ, ಯಾರಿಗೆ ಎಟುಕುತ್ತಿಲ್ಲ, ಬೆಳೆದವರ ಕೈಗೆ ಎಷ್ಟು ಸೇರುತ್ತಿದೆ ಎಂಬ ವಿಷಯ ಅಪರೂಪಕ್ಕೂ ಚರ್ಚೆಗೆ ಬರುವುದಿಲ್ಲ. ಅನ್ನದ ವಿಚಾರವೆಂದರೆ ದೆಹಲಿಯದು, ಇಲ್ಲವೇ ವಿಧಾನಸೌಧದ್ದು ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ತಲೆಗೆ ಎಷ್ಟು ಕಿಲೋ ಅಕ್ಕಿ ಎಂಬುದರ ಮೇಲೆ ಚುನಾವಣೆಗಳು ನಡೆಯುತ್ತವೆ. ವಾರ್ಡಿನಲ್ಲಿ ಸೊಪ್ಪು ಮಾರುವವಳಿಗೆ ನೆರಳಿನಲ್ಲಿ ಕೂರಲು ಜಾಗವಿದೆಯೇ ಎಂಬುದು ಯಾವ ಪ್ರಣಾಳಿಕೆಯಲ್ಲೂ ದೊಡ್ಡ ಅಕ್ಷರದಲ್ಲಿ ಕಾಣುವುದಿಲ್ಲ.

ಈ ನಂಬಿಕೆಯಿಂದ ಆಗುತ್ತಿರುವ ನಷ್ಟ ಸಣ್ಣದಲ್ಲ. ಧಾನ್ಯವನ್ನು ಕೊಳ್ಳುವುದು, ಕೂಡಿಡುವುದು, ಹಂಚುವುದು ಕೇಂದ್ರ ಮತ್ತು ರಾಜ್ಯ ಸರ್ಕಾರಗಳಿಗೆ ಸಾಧ್ಯವಾದ ಕೆಲಸ. ಅವು ಅದನ್ನು ಮಾಡಿವೆ, ಅದರಿಂದ ಕೋಟ್ಯಂತರ ಜನ ಹಸಿವಿನಿಂದ ಪಾರಾಗಿದ್ದಾರೆ. ಆದರೆ ಮೈಗೆ ಹತ್ತುವ ಊಟ ಅಕ್ಕಿಯೊಂದರಿಂದ ಆಗುವುದಿಲ್ಲ. ಸೊಪ್ಪು, ತರಕಾರಿ, ಹಣ್ಣು, ಹಾಲು, ಮೊಟ್ಟೆ, ಮೀನು ಬೇಕು. ಇವು ಬೇಗ ಕೆಡುವ ವಸ್ತುಗಳು. ದೂರದ ಗೋದಾಮಿನಿಂದ ಚೀಲ ಕಟ್ಟಿ ಹಂಚಲು ಬರುವುದಿಲ್ಲ. ಇವು ಮನೆ ಸೇರುವುದು ಹತ್ತಿರದ ಮಾರುಕಟ್ಟೆ, ವಾರದ ಸಂತೆ, ತಳ್ಳುಗಾಡಿಗಳ ಮೂಲಕ. ಮಕ್ಕಳ ತಟ್ಟೆ ಸೇರುವುದು ಶಾಲೆ ಮತ್ತು ಅಂಗನವಾಡಿಗಳ ಅಡುಗೆಮನೆಯ ಮೂಲಕ. ಆ ಜಾಗಗಳಲ್ಲಿ ಬಹುಪಾಲಿನ ಮೇಲೆ ಹಿಡಿತ ಇರುವುದು ಊರಿನ ಆಡಳಿತಕ್ಕೆ. ಆದ್ದರಿಂದ ನನ್ನ ವಾದ ಇಷ್ಟು: ಜಾಗ, ಪರವಾನಗಿ, ಖರೀದಿ, ಕಸ ಎಂಬ ನಾಲ್ಕು ಅಧಿಕಾರಗಳು ಗ್ರಾಮ ಪಂಚಾಯಿತಿಯಿಂದ ಮಹಾನಗರ ಪಾಲಿಕೆಯವರೆಗೆ ಎಲ್ಲ ಸ್ಥಳೀಯ ಸಂಸ್ಥೆಗಳ ಬಳಿ ಸ್ವಲ್ಪ ಹೆಚ್ಚು ಕಡಿಮೆ ಈಗಾಗಲೇ ಇವೆ. ಅವು ಬಿಡಿಬಿಡಿಯಾಗಿ, ಆಹಾರದ ಯೋಚನೆಯೇ ಇಲ್ಲದೆ ಬಳಕೆಯಾಗುತ್ತಿವೆ. ನಾಲ್ಕನ್ನೂ ಒಂದು ಗುರಿಗೆ ಜೋಡಿಸುವುದು ಸ್ಥಳೀಯ ಸರ್ಕಾರದ ಕರ್ತವ್ಯ; ಅದನ್ನು ಕೇಳಿ ಪಡೆಯುವುದು ನಾಗರಿಕರ ಹಕ್ಕು.

ತುರ್ತು ಎಷ್ಟಿದೆ ಎಂಬುದನ್ನು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯೇ ಹೇಳುತ್ತದೆ. ಕರ್ನಾಟಕದ ಐದು ವರ್ಷದೊಳಗಿನ 100 ಮಕ್ಕಳಲ್ಲಿ ಸುಮಾರು 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. 15ರಿಂದ 49 ವರ್ಷದ ಹೆಂಗಸರಲ್ಲಿ ಅರ್ಧದ ಹತ್ತಿರ ಜನಕ್ಕೆ ರಕ್ತಹೀನತೆ ಇದೆ. ಇದೇ ಸಮೀಕ್ಷೆಯಲ್ಲಿ ನೂರಕ್ಕೆ ಸುಮಾರು 30 ಹೆಂಗಸರ ತೂಕ ಇರಬೇಕಾದ್ದಕ್ಕಿಂತ ಹೆಚ್ಚಿದೆ. ಕೊರತೆ ಒಂದು ಕಡೆ, ಬೊಜ್ಜು ಇನ್ನೊಂದು ಕಡೆ ಎಂದು ಇವೆರಡನ್ನು ಬೇರೆ ಬೇರೆ ರೋಗಗಳಂತೆ ನೋಡುವುದುಂಟು. ಎರಡಕ್ಕೂ ಒಂದು ಮುಖ್ಯ ಮೂಲ ತಟ್ಟೆಯಲ್ಲೇ ಇದೆ. ಅಗ್ಗವಾಗಿ, ಸುಲಭವಾಗಿ, ಎಲ್ಲೆಲ್ಲೂ ಸಿಗುವುದು ಪಾಲಿಶ್ ಮಾಡಿದ ಅಕ್ಕಿ, ಮೈದಾ, ಸಕ್ಕರೆ, ಎಣ್ಣೆ. ದುಬಾರಿಯಾಗಿ, ಕೆಲವೇ ಕಡೆ ಸಿಗುವುದು ಸೊಪ್ಪು, ತರಕಾರಿ, ಬೇಳೆ, ಹಣ್ಣು. ದೇಶದ ರಾಗಿಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಬೆಳೆಯುವ ನಾಡಿನಲ್ಲಿ, ಬೀದಿಯ ಪ್ರತಿ ತಿರುವಿನಲ್ಲೂ ಸಿಗುವ ತಿಂಡಿ ಮೈದಾದ್ದು. ಇದು ಜನರ ನಾಲಿಗೆಯ ತಪ್ಪಲ್ಲ. ಯಾವ ವಸ್ತುವಿಗೆ ಯಾವ ಜಾಗ, ಯಾವ ಬೆಲೆ ಸಿಕ್ಕಿತು ಎಂಬುದರ ಫಲ.

ನಮ್ಮ ಸಂವಿಧಾನ ಈ ಜವಾಬ್ದಾರಿಯನ್ನು ಊರಿಗೆ ಕೊಡಲು ಬಾಗಿಲು ತೆರೆದದ್ದು 1993ರಲ್ಲಿ. ಆ ವರ್ಷ ಜಾರಿಗೆ ಬಂದ 73ನೇ ತಿದ್ದುಪಡಿ ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳನ್ನು ಹನ್ನೊಂದನೇ ಅನುಸೂಚಿಯಲ್ಲಿ ಪಟ್ಟಿ ಮಾಡಿತು. ಕೃಷಿ, ಪಶುಸಂಗೋಪನೆ, ಮೀನುಗಾರಿಕೆ, ಸಂತೆ ಮತ್ತು ಜಾತ್ರೆ, ಮಹಿಳೆ ಮತ್ತು ಮಕ್ಕಳ ಅಭಿವೃದ್ಧಿ, ಪಡಿತರ ವ್ಯವಸ್ಥೆ ಎಲ್ಲವೂ ಆ ಪಟ್ಟಿಯಲ್ಲಿವೆ. ಹೊಲದಿಂದ ತಟ್ಟೆಯವರೆಗಿನ ದಾರಿ ಹೆಚ್ಚುಕಡಿಮೆ ಪೂರ್ತಿ ಅಲ್ಲಿದೆ. ಅದೇ ವರ್ಷದ 74ನೇ ತಿದ್ದುಪಡಿ ನಗರಗಳಿಗಾಗಿ ಹನ್ನೆರಡನೇ ಅನುಸೂಚಿ ತಂದಿತು. ಅದರಲ್ಲಿ 18 ವಿಷಯಗಳಿವೆ. ಸಾರ್ವಜನಿಕ ಆರೋಗ್ಯ, ಘನತ್ಯಾಜ್ಯ, ಬಡತನ ನಿವಾರಣೆ, ಕಸಾಯಿಖಾನೆಗಳ ನಿಯಂತ್ರಣ ಅಲ್ಲಿವೆ. ಆಹಾರವೆಂಬ ಹೆಸರಿನ ಬಾಬತ್ತು ಇಲ್ಲ. ಹಳ್ಳಿ ಬೆಳೆಯುತ್ತದೆ, ಪಟ್ಟಣ ಹೇಗೋ ಕೊಂಡು ತಿನ್ನುತ್ತದೆ ಎಂಬ ಹಳೆಯ ಎಣಿಕೆ ಆ ಪಟ್ಟಿಯ ಹಿಂದೆ ಇದ್ದಂತಿದೆ. ಆ ಎಣಿಕೆ ಅಂದೇ ಸರಿಯಿರಲಿಲ್ಲ. ಹಳ್ಳಿ ಬಿಟ್ಟು ಕೂಲಿಗೆ ಬಂದ ಲಕ್ಷಾಂತರ ಜನ ಶೆಡ್ಡುಗಳಲ್ಲಿ, ಒಂದೇ ಕೋಣೆಯ ಮನೆಗಳಲ್ಲಿ ಬಾಳುತ್ತಿರುವ ಇಂದಂತೂ ಅದು ಪೂರ್ತಿ ತಪ್ಪು.

ಅದೇ 1993ರಲ್ಲಿ ಬ್ರೆಜಿಲ್ ದೇಶದ ಬೆಲೊ ಹೊರಿಜಾಂಟೆ ನಗರ ಬೇರೆ ದಾರಿ ಹಿಡಿಯಿತು. ಮಿನಾಸ್ ಜೆರೈಸ್ ರಾಜ್ಯದ ರಾಜಧಾನಿ ಅದು. ಈಗ 23 ಲಕ್ಷಕ್ಕೂ ಹೆಚ್ಚು ಜನಸಂಖ್ಯೆ. ಆ ವರ್ಷ ಮೇಯರ್ ಆಗಿ ಅಧಿಕಾರಕ್ಕೆ ಬಂದ ಪಾಟ್ರುಸ್ ಅನಾನಿಯಾಸ್ ಆಹಾರವನ್ನು ಪೌರತ್ವದ ಹಕ್ಕೆಂದು ಸಾರಿ, ನಗರಾಡಳಿತದಲ್ಲಿ ಆಹಾರ ಪೂರೈಕೆಗೆಂದೇ ಪ್ರತ್ಯೇಕ ಇಲಾಖೆ ತೆರೆದರು. ಮಾರುಕಟ್ಟೆಯಲ್ಲಿ ಕೊಳ್ಳಲಾರದವರೂ ಈ ಊರಿನ ಪ್ರಜೆಗಳೇ, ಅವರ ಊಟಕ್ಕೆ ಊರೇ ಹೊಣೆ ಎಂಬುದು ಅದರ ತಿರುಳು. ಇದೊಂದು ಘೋಷಣೆಯಾಗಿ ಉಳಿದಿದ್ದರೆ ಇಂದು ಯಾರೂ ನೆನಪಿಡುತ್ತಿರಲಿಲ್ಲ. ಆ ಇಲಾಖೆ ಮಾಡಿದ ಕೆಲಸಗಳನ್ನು ಒಂದೊಂದಾಗಿ ನೋಡುವುದು ಒಳ್ಳೆಯದು, ಏಕೆಂದರೆ ಅವುಗಳಲ್ಲಿ ನಮ್ಮ ಪಟ್ಟಣಗಳಿಗೆ ಅಸಾಧ್ಯವಾದದ್ದು ಒಂದೂ ಇಲ್ಲ.

ಮೊದಲನೆಯದು ಜನರ ಊಟದ ಮನೆಗಳು. 1994ರಿಂದ ತೆರೆದ ಈ ದೊಡ್ಡ ಭೋಜನಾಲಯಗಳಲ್ಲಿ ಅತಿ ಕಡಿಮೆ ದರಕ್ಕೆ ಬಿಸಿಯೂಟ ಸಿಗುತ್ತಿತ್ತು. ಅಲ್ಲಿ ಬಡವರೆಂದು ರುಜುವಾತು ತೋರಿಸಬೇಕಿರಲಿಲ್ಲ. ಗುಮಾಸ್ತರು, ವಿದ್ಯಾರ್ಥಿಗಳು, ವೃದ್ಧರು, ಮನೆಯಿಲ್ಲದವರು ಒಂದೇ ಸಾಲಿನಲ್ಲಿ ನಿಂತು ಒಂದೇ ಊಟ ಉಂಡರು. ಅದರಿಂದ ಎರಡು ಲಾಭವಾದವು. ಉಣ್ಣುವವರಿಗೆ ಅವಮಾನ ಇರಲಿಲ್ಲ. ಮಧ್ಯಮ ವರ್ಗದವರೂ ಉಣ್ಣುತ್ತಿದ್ದುದರಿಂದ ಊಟದ ಗುಣಮಟ್ಟ ಕುಸಿದರೆ ಕೇಳುವ ಗಟ್ಟಿ ದನಿಗಳಿದ್ದವು.

ಎರಡನೆಯದು ಇನ್ನೂ ಜಾಣತನದ್ದು. ಜನ ಹೆಚ್ಚು ಓಡಾಡುವ ಕಡೆ ನಗರದ ಒಡೆತನದಲ್ಲಿದ್ದ ಜಾಗಗಳನ್ನು ಖಾಸಗಿ ತರಕಾರಿ ವ್ಯಾಪಾರಿಗಳಿಗೆ ಷರತ್ತಿನ ಮೇಲೆ ಕೊಟ್ಟರು. ಸುಮಾರು 20 ಮುಖ್ಯ ತರಕಾರಿ ಮತ್ತು ಹಣ್ಣುಗಳನ್ನು ನಗರಾಡಳಿತ ನಿಗದಿ ಮಾಡಿದ ಕಡಿಮೆ ದರಕ್ಕೆ ಮಾರಬೇಕು. ಉಳಿದದ್ದನ್ನು ತಮ್ಮ ದರಕ್ಕೆ ಮಾರಿಕೊಳ್ಳಬಹುದು. ವಾರದ ಕೊನೆಗೆ ಲಾರಿ ತುಂಬಿಕೊಂಡು, ಅಂಗಡಿಗಳೇ ಇಲ್ಲದ ಹೊರವಲಯದ ಬಡವರ ಬಡಾವಣೆಗಳಿಗೆ ಹೋಗಿ ಅದೇ ದರಕ್ಕೆ ಮಾರಬೇಕು. ಮೂರನೆಯದಾಗಿ ಸುತ್ತಲಿನ ಸಣ್ಣ ರೈತರಿಗೆ ನಗರದ ನಡುವೆ ನೇರ ಮಾರಾಟದ ಮಳಿಗೆಗಳನ್ನು ಕೊಟ್ಟರು. ನಾಲ್ಕನೆಯದಾಗಿ, ಅಲ್ಲಿನ ವಿಶ್ವವಿದ್ಯಾಲಯದ ನೆರವಿನಿಂದ ದಿನಬಳಕೆಯ ವಸ್ತುಗಳ ಬೆಲೆ ಯಾವ ಅಂಗಡಿಯಲ್ಲಿ ಎಷ್ಟಿದೆ ಎಂದು ಸಂಗ್ರಹಿಸಿ ಬಸ್ ನಿಲ್ದಾಣ, ಪತ್ರಿಕೆ, ರೇಡಿಯೋಗಳಲ್ಲಿ ಪ್ರಕಟಿಸಿದರು. ಬೆಲೆ ಗೊತ್ತಿರುವ ಗಿರಾಕಿಯನ್ನು ಮೋಸಗೊಳಿಸುವುದು ಕಷ್ಟ.

ಇಷ್ಟಕ್ಕೂ ತಗುಲಿದ ಖರ್ಚು ನಗರದ ಒಟ್ಟು ಆಯವ್ಯಯದ ನೂರಕ್ಕೆ ಎರಡು ಪಾಲಿಗಿಂತ ಕಡಿಮೆ. ಪಕ್ಷಗಳು ಬದಲಾದರೂ ಮುಖ್ಯ ಕಾರ್ಯಕ್ರಮಗಳು ಉಳಿದವು. 2009ರಲ್ಲಿ ವಿಶ್ವ ಭವಿಷ್ಯ ಮಂಡಳಿ ಈ ನೀತಿಗೆ ತನ್ನ ಮೊದಲ ಸಾಲಿನ ಪ್ರಶಸ್ತಿಗಳಲ್ಲಿ ಒಂದನ್ನು ಕೊಟ್ಟಿತು. ಅನಾನಿಯಾಸ್ 2004ರಲ್ಲಿ ಬ್ರೆಜಿಲ್ ಅಧ್ಯಕ್ಷ ಲೂಲಾ ಅವರ ಸರ್ಕಾರದ ಸಾಮಾಜಿಕ ಅಭಿವೃದ್ಧಿ ಸಚಿವರಾಗಿ, ಊರಿನಲ್ಲಿ ಕಲಿತದ್ದನ್ನು ದೇಶಕ್ಕೆ ಒಯ್ದರು. 2010ರಲ್ಲಿ ಬ್ರೆಜಿಲ್ ತನ್ನ ಸಂವಿಧಾನಕ್ಕೇ ಆಹಾರದ ಹಕ್ಕನ್ನು ಸೇರಿಸಿತು. ನೀತಿ ಯಾವಾಗಲೂ ಮೇಲಿನಿಂದ ಕೆಳಕ್ಕೇ ಇಳಿಯಬೇಕಿಲ್ಲ. ಊರಿನಿಂದ ದೇಶಕ್ಕೂ ಏರಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಇಲ್ಲಿ ಒಂದು ಕಠಿಣ ಪ್ರಶ್ನೆಯನ್ನು ಎದುರಿಸಲೇಬೇಕು. ಬಡವರಿಗೆ ಆಹಾರ ಅಗ್ಗವಾಗಿ ಸಿಗಬೇಕು; ಬೆಳೆದವರಿಗೆ ಬೆಲೆ ಚೆನ್ನಾಗಿ ಸಿಗಬೇಕು. ಇವೆರಡೂ ಒಟ್ಟಿಗೆ ಹೇಗೆ ಸಾಧ್ಯ? ಕೋಲಾರದ ಟೊಮೆಟೊ ಬೆಳೆಗಾರರಿಗೆ ಈ ಪ್ರಶ್ನೆ ಪುಸ್ತಕದ್ದಲ್ಲ. 2023ರ ಜುಲೈನಲ್ಲಿ ಕಿಲೋಗೆ ನೂರು ರೂಪಾಯಿ ದಾಟಿದ ಹಣ್ಣನ್ನು ಬೇರೆ ಹಂಗಾಮಿನಲ್ಲಿ ಕಿತ್ತ ಕೂಲಿಯೂ ಹುಟ್ಟದೆ ರಸ್ತೆಗೆ ಸುರಿದದ್ದನ್ನು ನಾವೆಲ್ಲ ಕಂಡಿದ್ದೇವೆ. ಬೆಲೆಯನ್ನು ಒತ್ತಿಹಿಡಿದು ಅಗ್ಗ ಮಾಡಿದರೆ ಸಾಯುವುದು ರೈತ. ಮಾರುಕಟ್ಟೆಗೇ ಬಿಟ್ಟರೆ ತರಕಾರಿ ಬಿಟ್ಟು ಬರೀ ಅನ್ನ ಉಣ್ಣುವುದು ಕೂಲಿಕಾರ. ಆದರೆ ಈ ಇಬ್ಬರ ನಡುವೆ ಬಾಡಿಗೆ, ಸಾಗಣೆ, ಕಮಿಷನ್, ಹಾಳಾಗುವ ಸರಕು ಎಂಬ ದೊಡ್ಡ ಭಾಗವಿದೆ. ಬೆಲೊ ಹೊರಿಜಾಂಟೆ ಕೈಯಿಟ್ಟದ್ದು ಆ ಭಾಗದಲ್ಲಿ. ರೈತನ ಬೆಲೆಯನ್ನು ಇಳಿಸುವ ಬದಲು ತನ್ನ ಜಾಗದ ಬಾಡಿಗೆಯನ್ನು ಬಿಟ್ಟುಕೊಟ್ಟಿತು. ನಗರಾಡಳಿತದ ಬಳಿ ಇರುವ ದೊಡ್ಡ ಸಂಪತ್ತು ಹಣವಲ್ಲ, ನೆಲ. ಪೇಟೆಯ ನಡುವಿನ ಹತ್ತಡಿ ನೆಲ ಸೊಪ್ಪಿನ ಬೆಲೆಯನ್ನು ಬದಲಾಯಿಸಬಲ್ಲದು.

ಇದಕ್ಕೆ ಸಾಕ್ಷಿ ನಮ್ಮ ಪಕ್ಕದಲ್ಲೂ ಇದೆ. 1999ರಲ್ಲಿ ತಮಿಳುನಾಡು ಮದುರೆಯಲ್ಲಿ ಮೊದಲ ಉಳವರ್ ಸಂದೈ ತೆರೆಯಿತು. ಗುರುತಿನ ಚೀಟಿ ಇರುವ ರೈತರಷ್ಟೇ ಅಲ್ಲಿ ಕೂತು ಮಾರಬಹುದು. ಮಳಿಗೆಗೆ ಬಾಡಿಗೆ ಇಲ್ಲ. ದಿನದ ದರವನ್ನು ಸಗಟು ಬೆಲೆಗಿಂತ ಮೇಲೆ, ಚಿಲ್ಲರೆ ಬೆಲೆಗಿಂತ ಕೆಳಗೆ ನಿಗದಿ ಮಾಡಿ ಬೋರ್ಡಿನಲ್ಲಿ ಬರೆಯುತ್ತಾರೆ. ರೈತನಿಗೂ ಲಾಭ, ಗಿರಾಕಿಗೂ ಲಾಭ. ನಮ್ಮಲ್ಲೂ ಇಂಥ ಯೋಚನೆ ಹೊಸದಲ್ಲ. ಡಾ. ಎಂ.ಎಚ್. ಮರಿಗೌಡರ ಮುಂದಾಳತ್ವದಲ್ಲಿ 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಹುಟ್ಟಿ ಮುಂದೆ ಹಾಪ್‌ಕಾಮ್ಸ್ ಆದ ಸಂಸ್ಥೆ, ಬೆಂಗಳೂರಿನ ಬಡಾವಣೆಗಳ ಮೂಲೆಮೂಲೆಯಲ್ಲಿ ಸಣ್ಣ ಮಳಿಗೆಗಳನ್ನಿಟ್ಟು ರೈತರ ಸರಕನ್ನು ಸರಿಯಾದ ತೂಕಕ್ಕೆ, ಬರೆದಿಟ್ಟ ದರಕ್ಕೆ ಮಾರಿತು. ಅದರ ಬಲ ಇದ್ದದ್ದೂ ಜಾಗದಲ್ಲೇ. ರಸ್ತೆ ಅಗಲೀಕರಣ, ಮೆಟ್ರೊ, ವಾಣಿಜ್ಯ ಸಂಕೀರ್ಣ ಎಂದು ನಗರ ತನ್ನನ್ನು ತಾನು ಮತ್ತೆ ಮತ್ತೆ ಕಟ್ಟಿಕೊಳ್ಳುವಾಗ ತರಕಾರಿ ಮಳಿಗೆಗೆ ಜಾಗ ಕಾದಿರಿಸುವ ಕಟ್ಟುಪಾಡು ಇಲ್ಲದಿದ್ದರೆ, ಇಂಥ ಸಹಕಾರ ಎಷ್ಟು ಹಳೆಯದಾದರೂ ನಿಲ್ಲುವುದಿಲ್ಲ. ಹೊಸ ಬಡಾವಣೆಯ ನಕ್ಷೆಗೆ ಒಪ್ಪಿಗೆ ಕೊಡುವಾಗ ಉದ್ಯಾನಕ್ಕೆ ಇಷ್ಟು, ರಸ್ತೆಗೆ ಇಷ್ಟು ಎಂದು ಕೇಳುವ ನಾವು ಸಂತೆಗೆ ಎಷ್ಟು ಎಂದು ಏಕೆ ಕೇಳಬಾರದು?

ಜಾಗದ ನಂತರದ ಮಾತು ಪರವಾನಗಿ. ಬಡ ಬಡಾವಣೆಗಳಿಗೆ ತಾಜಾ ತರಕಾರಿ ತಲುಪಿಸುತ್ತಿರುವವರು ಸೂಪರ್ ಮಾರ್ಕೆಟ್ಟುಗಳಲ್ಲ, ತಳ್ಳುಗಾಡಿಯವರು ಮತ್ತು ಬುಟ್ಟಿ ಹೊತ್ತ ಹೆಂಗಸರು. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಇವರಿಗೆ ಗಟ್ಟಿಯಾದ ಹಕ್ಕು ಕೊಟ್ಟಿದೆ. ಪ್ರತಿ ಊರಿನಲ್ಲಿ ಪಟ್ಟಣ ವ್ಯಾಪಾರ ಸಮಿತಿ ಇರಬೇಕು. ಅದರ ಸದಸ್ಯರಲ್ಲಿ ನೂರಕ್ಕೆ 40ಕ್ಕೆ ಕಡಿಮೆಯಿಲ್ಲದಷ್ಟು ಬೀದಿ ವ್ಯಾಪಾರಿಗಳೇ ಆಯ್ಕೆ ಮಾಡಿದ ಪ್ರತಿನಿಧಿಗಳಿರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರಿರಬೇಕು. ಐದು ವರ್ಷಕ್ಕೊಮ್ಮೆಯಾದರೂ ಸಮೀಕ್ಷೆ ನಡೆಯಬೇಕು. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸಬಾರದು. ಕಾಯ್ದೆ ಹೀಗಿದ್ದರೂ ಪಾದಚಾರಿ ಮಾರ್ಗ ತೆರವಿನ ಹೆಸರಿನಲ್ಲಿ ಗಾಡಿಗಳನ್ನು ಎತ್ತಿಕೊಂಡು ಹೋಗುವುದು ನಿಂತಿಲ್ಲ. ನಡೆಯುವವರಿಗೂ ದಾರಿ ಬೇಕು, ಅದು ನ್ಯಾಯವೇ. ಆ ಎರಡು ಹಕ್ಕುಗಳನ್ನು ಕೂಡಿಸಲೆಂದೇ ಸಮಿತಿ ಇದೆ. ವ್ಯಾಪಾರಿಯನ್ನು ಸಂಚಾರ ಅಡಚಣೆ ಎಂದು ನೋಡುವ ಊರಿಗೂ ಆಹಾರ ಪೂರೈಕೆದಾರ ಎಂದು ನೋಡುವ ಊರಿಗೂ ವ್ಯತ್ಯಾಸವಿದೆ. ಎರಡನೆಯ ಊರು ಅವನಿಗೆ ನೆರಳು, ನಲ್ಲಿ ನೀರು, ಶೌಚಾಲಯ ಕೊಡುತ್ತದೆ. ಬದಲಿಗೆ ಶುಚಿತ್ವವನ್ನು ಕಟ್ಟುನಿಟ್ಟಾಗಿ ಕೇಳುತ್ತದೆ. ಕೈ ತೊಳೆಯಲು ನೀರು ಕೊಡದೆ ಶುಚಿಯಿಲ್ಲವೆಂದು ದಂಡ ಹಾಕುವುದು ನ್ಯಾಯವಲ್ಲ.

ಹಳ್ಳಿಗಳಲ್ಲಿ ಇದೇ ಪ್ರಶ್ನೆ ಸಂತೆಯ ರೂಪದಲ್ಲಿದೆ. ಹಲವು ಪಂಚಾಯಿತಿ, ಪುರಸಭೆಗಳು ಸಂತೆಯ ಸುಂಕ ವಸೂಲಿಯನ್ನು ವರ್ಷಕ್ಕೊಮ್ಮೆ ಹರಾಜು ಹಾಕುತ್ತವೆ. ಹೆಚ್ಚು ಕೂಗಿದವರಿಗೆ ಗುತ್ತಿಗೆ. ಕೂಗಿದ ಹಣವನ್ನು ಅವರು ಪ್ರತಿ ವಾರ ಮಾರುವವರಿಂದ ಎತ್ತಬೇಕು. ಹಿತ್ತಲಿನ ಕರಿಬೇವು, ನುಗ್ಗೆಕಾಯಿ, ನಾಲ್ಕು ಕಟ್ಟು ದಂಟಿನ ಸೊಪ್ಪು ತಂದ ಅಜ್ಜಿಗೂ ಲಾರಿ ಸರಕು ಇಳಿಸಿದ ವ್ಯಾಪಾರಿಗೂ ಆ ಒತ್ತಡ ಒಂದೇ ರೀತಿ ತಾಗುವುದಿಲ್ಲ. ಅಜ್ಜಿಯ ಲಾಭವೇ ಸುಂಕಕ್ಕೆ ಹೋಗಬಹುದು. ಪಂಚಾಯಿತಿಗೆ ಆದಾಯ ಬೇಕು ಎಂಬುದು ನಿಜ. ಆದರೆ ತಲೆಹೊರೆಯಲ್ಲಿ ತಂದು ಮಾರುವವರಿಗೆ ಸುಂಕವಿಲ್ಲ ಎಂದು ಗ್ರಾಮಸಭೆ ಒಂದು ನಿರ್ಣಯ ಮಾಡಿದರೆ, ಅದನ್ನು ಹರಾಜಿನ ಷರತ್ತಿಗೆ ಸೇರಿಸಿದರೆ, ನಷ್ಟವಾಗುವುದು ಸ್ವಲ್ಪ. ಉಳಿಯುವುದು ಸ್ಥಳೀಯ ತಳಿಗಳು, ಹೆಂಗಸರ ಕೈಕಾಸು, ಊರಿನ ತಟ್ಟೆಯ ವೈವಿಧ್ಯ. ಒಂದು ಸಾಲಿನ ಇಂಥ ಷರತ್ತನ್ನೇ ನಾನು ಆಹಾರ ನೀತಿ ಎನ್ನುವುದು.

ಮೂರನೆಯ ಅಧಿಕಾರ ಖರೀದಿ. 2017ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಇಂದಿರಾ ಕ್ಯಾಂಟೀನ್ ಶುರುವಾದಾಗ ತಿಂಡಿಗೆ 5 ರೂಪಾಯಿ, ಊಟಕ್ಕೆ 10 ರೂಪಾಯಿ. 2013ರಲ್ಲಿ ಚೆನ್ನೈ ಪಾಲಿಕೆ ತೆರೆದ ಅಮ್ಮ ಉಣವಗಂ ಅದಕ್ಕೆ ದಾರಿ ತೋರಿತ್ತು. ಆಟೊ ಓಡಿಸುವವರು, ಕಟ್ಟಡ ಕೆಲಸದವರು, ಪೌರಕಾರ್ಮಿಕರು, ಊರು ಬಿಟ್ಟು ಬಂದು ಓದುವ ಹುಡುಗರು ಯಾವ ಕಾರ್ಡನ್ನೂ ತೋರಿಸದೆ ಗೌರವದಿಂದ ಉಣ್ಣುವ ಜಾಗ ಅದು. ಆ ಗೌರವವೇ ಅದರ ದೊಡ್ಡ ಗುಣ, ಅದನ್ನು ಯಾವ ಕಾರಣಕ್ಕೂ ಬಿಟ್ಟುಕೊಡಬಾರದು. ಆದರೆ ಆ ಅಡುಗೆಮನೆಗಳ ಅಕ್ಕಿ, ಬೇಳೆ, ತರಕಾರಿ ಎಲ್ಲಿಂದ ಬರಬೇಕು ಎಂಬ ಪ್ರಶ್ನೆ ಸಾರ್ವಜನಿಕ ಚರ್ಚೆಗೆ ಬಂದದ್ದು ಕಡಿಮೆ. ಶುರುವಿನ ಊಟದ ಪಟ್ಟಿಯಲ್ಲಿ ಅಕ್ಕಿಯದೇ ಕಾರುಬಾರು. ಮುದ್ದೆಯ ಮಾತು ಬಂದದ್ದು ಆಮೇಲೆ. ರಾಗಿಯ ನಾಡಿನ ರಾಜಧಾನಿ ದಿನವೂ ರಾಗಿ ಕೊಂಡರೆ ತುಮಕೂರು, ರಾಮನಗರ, ಕೋಲಾರದ ಖುಷ್ಕಿ ರೈತನಿಗೆ ನಂಬಿಕೆಯ ಗಿರಾಕಿ ಸಿಕ್ಕಂತೆ. ರಾಗಿಗೆ ನೀರು ಕಡಿಮೆ ಸಾಕು, ಮಳೆ ಕೈಕೊಟ್ಟರೂ ಅದು ಭತ್ತದಷ್ಟು ಬೇಗ ಸೋಲುವುದಿಲ್ಲ. ಬಡವರ ಆರೋಗ್ಯ, ರೈತನ ಬದುಕು, ನೆಲದ ನೀರು ಮೂರೂ ಒಂದೇ ಖರೀದಿ ಆದೇಶದಲ್ಲಿ ಕೂಡುತ್ತವೆ.

ಟೆಂಡರ್ ಕಾನೂನು ಇದಕ್ಕೆ ಬಿಡುವುದಿಲ್ಲ, ಕಡಿಮೆ ದರ ನಮೂದಿಸಿದವರಿಗೇ ಕೊಡಬೇಕು ಎಂದು ಅಧಿಕಾರಿಗಳು ಹೇಳುವುದುಂಟು. ಕಾನೂನು ಮನುಷ್ಯರು ಮಾಡಿದ್ದು, ಅದು ಸಾಮಾಜಿಕ ಗುರಿಯನ್ನು ಹೊರಬಲ್ಲದು. ಕರ್ನಾಟಕದ 1999ರ ಸಾರ್ವಜನಿಕ ಖರೀದಿಯ ಪಾರದರ್ಶಕತೆ ಕಾಯ್ದೆಗೇ ತಿದ್ದುಪಡಿ ತಂದು ಪರಿಶಿಷ್ಟ ಜಾತಿ, ಪಂಗಡಗಳ ಗುತ್ತಿಗೆದಾರರಿಗೆ ಕಾಮಗಾರಿಗಳಲ್ಲಿ ಮೀಸಲಾತಿ ಕೊಡಲಾಗಿದೆ. ಸಣ್ಣ ರೈತರ ಸಂಘಗಳಿಗೂ ಹಾಗೆಯೇ ಒಂದು ಪಾಲು ಕಾದಿರಿಸಬಹುದು. ಬ್ರೆಜಿಲ್ 2009ರ ಕಾನೂನಿನಲ್ಲಿ ಇದನ್ನೇ ಮಾಡಿತು: ಶಾಲಾ ಊಟಕ್ಕೆ ಕೇಂದ್ರ ಸರ್ಕಾರ ಕೊಡುವ ಹಣದಲ್ಲಿ ನೂರಕ್ಕೆ 30ಕ್ಕೆ ಕಡಿಮೆಯಿಲ್ಲದಷ್ಟನ್ನು ಕುಟುಂಬ ಕೃಷಿಕರ ಬೆಳೆ ಕೊಳ್ಳಲು ಬಳಸಬೇಕೆಂದಿತು. ಡೆನ್ಮಾರ್ಕಿನ ಕೋಪನ್‌ಹೇಗನ್ ನಗರ ತನ್ನ ಶಿಶುವಿಹಾರ, ವೃದ್ಧಾಶ್ರಮಗಳ ಅಡುಗೆಮನೆಗಳನ್ನು ಒಂದು ದಶಕದೊಳಗೆ ಬಹುಪಾಲು ಸಾವಯವ ಪದಾರ್ಥಗಳಿಗೆ ತಿರುಗಿಸಿತು. ಅದು ಒತ್ತು ಕೊಟ್ಟದ್ದು ಸಾಮಾನಿನ ಹಣ ಏರಿಸುವುದಕ್ಕಲ್ಲ, ಅಡುಗೆಯವರ ತರಬೇತಿಗೆ. ಹಂಗಾಮಿನ ತರಕಾರಿ ಬಳಸಿದರು, ಮಾಂಸ ಕಡಿಮೆ ಮಾಡಿದರು, ಹಾಳಾಗುವುದನ್ನು ತಗ್ಗಿಸಿದರು. ನಮ್ಮ ಬಿಸಿಯೂಟದ ಅಕ್ಕಂದಿರಿಗೂ ಅಂಥ ತರಬೇತಿ, ಅದಕ್ಕಿಂತ ಮೊದಲು ಬದುಕಲು ಸಾಕಾಗುವ ಸಂಬಳ ಬೇಕು. ಅಡುಗೆಯವರ ಹೊಟ್ಟೆ ತುಂಬದ ವ್ಯವಸ್ಥೆಯನ್ನು ನ್ಯಾಯದ ವ್ಯವಸ್ಥೆ ಎನ್ನಲಾಗದು.

ನಾಲ್ಕನೆಯದು ಕಸ. ತಟ್ಟೆಯಿಂದ ಉಳಿದದ್ದು ಎಲ್ಲಿಗೆ ಹೋಗುತ್ತದೆ ಎಂಬುದೂ ಆಹಾರದ ಪ್ರಶ್ನೆಯೇ. ಬೆಂಗಳೂರಿನ ಕಸದಲ್ಲಿ ಅರ್ಧಕ್ಕಿಂತ ಹೆಚ್ಚು ಹಸಿಕಸ. ಅದನ್ನು ಬೇರ್ಪಡಿಸದೆ ಸುರಿದ ಫಲವನ್ನು ನಗರದಂಚಿನ ಮಾವಳ್ಳಿಪುರ, ಮಂಡೂರು ಹಳ್ಳಿಗಳ ಜನ ವರ್ಷಗಟ್ಟಲೆ ಉಂಡರು: ಕೆಟ್ಟ ಬಾವಿ ನೀರು, ನೊಣ, ದುರ್ವಾಸನೆ. ಅವರ ಹೋರಾಟದಿಂದಲೇ ಆ ಸುರಿಯುವ ತಾಣಗಳು ಮುಚ್ಚಿದವು. ನಗರಕ್ಕೆ ತರಕಾರಿ, ಹಾಲು ಕೊಡುವ ಹಳ್ಳಿಗೆ ನಗರ ಹಿಂದಿರುಗಿಸಿದ್ದು ವಿಷವನ್ನು. ಬೇರ್ಪಡಿಸಿದ ಹಸಿಕಸ ಗೊಬ್ಬರವಾಗಿ ಹೊಲಕ್ಕೆ ಮರಳಬಲ್ಲದು. ಅದಕ್ಕೆಂದೇ 1975ರಲ್ಲಿ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮ ಹುಟ್ಟಿತು. ನೀರಿನ ಕತೆಯೂ ಇದೇ. 2018ರಿಂದ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರು ಕೋಲಾರದ ಕೆರೆಗಳನ್ನು ತುಂಬುತ್ತಿದೆ. ಒಣಗಿದ್ದ ಅಂತರ್ಜಲ ಏರಿತು, ಬೆಳೆ ಬಂತು. ಅದೇ ತರಕಾರಿ ನಗರಕ್ಕೆ ಬರುತ್ತದೆ. ಆದರೆ ಆ ನೀರಿಗೆ ಎರಡು ಹಂತದ ಸಂಸ್ಕರಣೆ ಮಾತ್ರ ಆಗಿದೆ, ಮೂರನೆಯ ಹಂತವೂ ಬೇಕು ಎಂದು ಅಲ್ಲಿನ ರೈತರು ಕೇಳುತ್ತಲೇ ಬಂದಿದ್ದಾರೆ. ಆ ಬೇಡಿಕೆ ಕೋಲಾರದ್ದು ಮಾತ್ರವಲ್ಲ, ಬೆಂಗಳೂರಿನ ಪ್ರತಿ ಅಡುಗೆಮನೆಯದೂ ಆಗಬೇಕು. ನಗರ ಏನನ್ನು ಹರಿಯಬಿಡುತ್ತದೋ ಅದನ್ನೇ ಒಂದು ದಿನ ಉಣ್ಣುತ್ತದೆ.

ಸ್ಥಳೀಯ ಸಂಸ್ಥೆಗಳಿಗೆ ಹಣವೆಲ್ಲಿದೆ ಎಂಬ ಆಕ್ಷೇಪ ನ್ಯಾಯವಾದದ್ದು. ಕೇರಳದ ಅನುಭವ ಇದನ್ನು ಎರಡೂ ಕಡೆಯಿಂದ ತೋರಿಸುತ್ತದೆ. ಅಲ್ಲಿ 2020ರಲ್ಲಿ ಕುಟುಂಬಶ್ರೀ ಮಹಿಳಾ ಸಂಘಗಳು 20 ರೂಪಾಯಿಗೆ ಊಟ ಕೊಡುವ ಜನಕೀಯ ಹೋಟೆಲುಗಳನ್ನು ತೆರೆದವು. ಜಾಗ, ನೀರು, ವಿದ್ಯುತ್ತಿನಂಥ ನೆರವು ಸ್ಥಳೀಯ ಸಂಸ್ಥೆಗಳದ್ದು. ಕೋವಿಡ್ ಕಾಲದಲ್ಲಿ ಅವು ಊರೂರನ್ನು ಸಲಹಿದವು. 2023ರಲ್ಲಿ ರಾಜ್ಯ ಸರ್ಕಾರ ಸಹಾಯಧನ ನಿಲ್ಲಿಸಿತು, ದರ ಏರಿತು, ನಡೆಸುವ ಹೆಂಗಸರು ಕಷ್ಟಕ್ಕೆ ಸಿಕ್ಕರು. ಊರಿನ ಆಹಾರ ನೀತಿ ಮೇಲಿನವರ ದಯೆಯ ಮೇಲೆ ನಿಂತಿರಬಾರದು; ಅದಕ್ಕೆ ಖಾತ್ರಿಯಾದ, ಕಾನೂನಿನ ಬೆಂಬಲವುಳ್ಳ ಹಣದ ಪಾಲು ಬೇಕು. ಜೊತೆಗೆ, ನಾನು ಹೇಳಿದ ನಾಲ್ಕು ಅಧಿಕಾರಗಳಲ್ಲಿ ಹೆಚ್ಚಿನವು ಹೊಸ ಖರ್ಚನ್ನೇ ಬೇಡುವುದಿಲ್ಲ. ಸಂತೆಯ ಷರತ್ತು, ಟೆಂಡರಿನ ಷರತ್ತು, ಬಡಾವಣೆಯ ನಕ್ಷೆಯ ಷರತ್ತುಗಳಿಗೆ ಬೇಕಾದ್ದು ಮುಖ್ಯವಾಗಿ ಇಚ್ಛೆ.

ಪಾಲಿಕೆಯ ಕೈಗೆ ಊಟ ಕೊಟ್ಟರೆ ಗುತ್ತಿಗೆದಾರ ತಿನ್ನುತ್ತಾನೆ ಎಂಬುದು ಇನ್ನೊಂದು ಆಕ್ಷೇಪ. ಭ್ರಷ್ಟಾಚಾರದ ಭಯ ನಿಜವಾದದ್ದೇ. ಆದರೆ ಅದಕ್ಕೆ ಔಷಧಿ ಜನರ ಕಣ್ಣು, ಅಧಿಕಾರವನ್ನು ಇನ್ನೂ ದೂರ ಒಯ್ಯುವುದಲ್ಲ. ದಿನದ ಊಟದ ಪಟ್ಟಿ, ಬಡಿಸಿದ ತಟ್ಟೆಗಳ ಸಂಖ್ಯೆ, ಕೊಂಡ ಸರಕಿನ ದರ ಕ್ಯಾಂಟೀನಿನ ಗೋಡೆಯ ಮೇಲೆ ಬರೆದಿದ್ದರೆ ಅಲ್ಲಿ ಉಣ್ಣುವವರೇ ಲೆಕ್ಕ ಪರಿಶೋಧಕರಾಗುತ್ತಾರೆ. ಇದಕ್ಕೆ ಬೇಕಾದ ಮೊದಲ ಷರತ್ತು ಚುನಾಯಿತ ಸಭೆ. ಬೆಂಗಳೂರಿನ ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ ಐದು ವರ್ಷಕ್ಕೂ ಹೆಚ್ಚು ಕಾಲ ಚುನಾವಣೆಯೇ ನಡೆಯಲಿಲ್ಲ. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳೂ 2021ರಲ್ಲಿ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಗಳ ಕೈಯಲ್ಲಿ ಉಳಿದವು. ವಾರ್ಡಿನ ಕ್ಯಾಂಟೀನಿನಲ್ಲಿ ಸಾಂಬಾರು ನೀರಾದರೆ ಯಾರ ಮನೆ ಬಾಗಿಲು ತಟ್ಟಬೇಕು? ಆ ಬಾಗಿಲೇ ಇಲ್ಲದ ಕಡೆ ಆಹಾರದ ನ್ಯಾಯದ ಮಾತು ಅರ್ಧ ಮಾತು.

2015ರ ಅಕ್ಟೋಬರಿನಲ್ಲಿ ಮಿಲಾನ್ ನಗರದಲ್ಲಿ ಜಗತ್ತಿನ ನೂರಕ್ಕೂ ಹೆಚ್ಚು ನಗರಗಳು ಆಹಾರ ನೀತಿಯ ಒಪ್ಪಂದವೊಂದಕ್ಕೆ ಸಹಿ ಹಾಕಿದವು. ಈಗ ಆ ಸಂಖ್ಯೆ ಇನ್ನೂರು ದಾಟಿದೆ. ಅದು ಸೂಚಿಸಿದ 37 ಕ್ರಮಗಳಲ್ಲಿ ಆಡಳಿತ, ಪೌಷ್ಟಿಕತೆ, ಸಾಮಾಜಿಕ ನ್ಯಾಯ, ಉತ್ಪಾದನೆ, ಹಂಚಿಕೆ, ಪೋಲು ತಡೆ ಎಲ್ಲವೂ ಇವೆ. ಸಹಿಗಿಂತ ಮುಖ್ಯ ಅದರ ಹಿಂದಿನ ಅರಿವು: ಬಿಡಿ ಯೋಜನೆಗಳನ್ನು ಹೊಲಿಯುವ ದಾರ ಊರಿನ ಕೈಯಲ್ಲೇ ಇದೆ. ನಮ್ಮಲ್ಲಿ ಕ್ಯಾಂಟೀನ್ ಒಬ್ಬರದು, ಬೀದಿ ವ್ಯಾಪಾರ ಇನ್ನೊಬ್ಬರದು, ಕಸ ಮತ್ತೊಬ್ಬರದು, ಅಂಗನವಾಡಿ ಮಗದೊಬ್ಬರದು. ಇವರೆಲ್ಲ ಒಂದೇ ಮೇಜಿನ ಸುತ್ತ ಕೂರುವ ದಿನ ಬಂದರೆ ಅರ್ಧ ಕೆಲಸ ಆದಂತೆ.

ಆದ್ದರಿಂದ ಬೇಡಿಕೆಗಳನ್ನು ಸ್ಪಷ್ಟವಾಗಿ ಇಡೋಣ. ಪ್ರತಿ ಪಾಲಿಕೆ, ನಗರಸಭೆ, ಪುರಸಭೆಯಲ್ಲಿ ಆಹಾರಕ್ಕೊಂದು ಸ್ಥಾಯಿ ಸಮಿತಿ ಇರಲಿ. ಅದರಲ್ಲಿ ಬೀದಿ ವ್ಯಾಪಾರಿಗಳು, ಸುತ್ತಲಿನ ರೈತರು, ಅಡುಗೆಯವರು, ಪೌರಕಾರ್ಮಿಕರು ಕೂರಲಿ. ವರ್ಷಕ್ಕೊಮ್ಮೆ ಊರಿನ ಊಟದ ವರದಿ ಪ್ರಕಟವಾಗಲಿ: ಎಷ್ಟು ಮಕ್ಕಳ ತೂಕ ಕಡಿಮೆ, ಯಾವ ವಾರ್ಡಿನಲ್ಲಿ ತರಕಾರಿ ಸಿಗುವುದಿಲ್ಲ, ಸಾರ್ವಜನಿಕ ಅಡುಗೆಮನೆಗಳು ಯಾರಿಂದ ಏನು ಕೊಂಡವು, ಎಷ್ಟು ಹಸಿಕಸ ಗೊಬ್ಬರವಾಯಿತು. ಸಾರ್ವಜನಿಕ ಅಡುಗೆಮನೆಗಳ ಖರೀದಿಯಲ್ಲಿ ಸಣ್ಣ ರೈತರಿಗೂ ಸಿರಿಧಾನ್ಯಕ್ಕೂ ಪಾಲು ಮೀಸಲಾಗಲಿ. ಹೊಸ ಬಡಾವಣೆಗಳ ನಕ್ಷೆಯಲ್ಲಿ ಸಂತೆಯ ಜಾಗ ಕಡ್ಡಾಯವಾಗಲಿ. ತಲೆಹೊರೆಯ ಮಾರಾಟಗಾರರಿಗೆ ಸುಂಕ ರದ್ದಾಗಲಿ. ಹನ್ನೊಂದನೇ ಅನುಸೂಚಿ ಹೇಳಿದ್ದನ್ನು ರಾಜ್ಯ ಸರ್ಕಾರ ಹಣ ಮತ್ತು ಸಿಬ್ಬಂದಿಯ ಸಮೇತ ಪಂಚಾಯಿತಿಗಳಿಗೆ ಒಪ್ಪಿಸಲಿ.

ಇವುಗಳಲ್ಲಿ ಒಂದಕ್ಕೂ ಹೊಸ ವಿಜ್ಞಾನ ಬೇಕಿಲ್ಲ, ಹೊರದೇಶದ ಸಾಲ ಬೇಕಿಲ್ಲ. ಬೇಕಾಗಿರುವುದು ಆಹಾರವನ್ನು ದಾನವೆಂದೂ ಚುನಾವಣೆಯ ಭರವಸೆಯೆಂದೂ ನೋಡುವುದನ್ನು ಬಿಟ್ಟು, ನೀರಿನಂತೆ, ರಸ್ತೆಯಂತೆ ಊರು ಒದಗಿಸಲೇಬೇಕಾದ ವ್ಯವಸ್ಥೆಯೆಂದು ಒಪ್ಪುವ ನಿರ್ಧಾರ. ನಲ್ಲಿಯಲ್ಲಿ ನೀರು ಬರದಿದ್ದರೆ ನಾವು ಪುರಸಭೆಯ ಮುಂದೆ ಕೊಡ ಹಿಡಿದು ಕೂರುತ್ತೇವೆ. ಮಕ್ಕಳ ತಟ್ಟೆಯಲ್ಲಿ ಸೊಪ್ಪು, ಬೇಳೆ, ಮೊಟ್ಟೆ ಇಲ್ಲದಿದ್ದಾಗಲೂ ಅಲ್ಲಿಗೇ ಹೋಗಿ ಕೂರಬೇಕು. ಮುಂದಿನ ಗ್ರಾಮಸಭೆಯಲ್ಲಿ, ವಾರ್ಡ್ ಸಭೆಯಲ್ಲಿ ಎದ್ದು ನಿಂತು ಊಟದ ವಿಷಯವನ್ನು ಕಾರ್ಯಸೂಚಿಗೆ ಸೇರಿಸಿ ಎಂದು ಕೇಳಲು ಯಾರ ಅಪ್ಪಣೆಯೂ ಬೇಕಿಲ್ಲ. ಕೇಳುವವರು ಹೆಚ್ಚಿದ ಊರಿನಲ್ಲಿ ನೀತಿ ತಾನಾಗಿ ಹುಟ್ಟುವುದಿಲ್ಲ, ಆದರೆ ಕೇಳುವವರೇ ಇಲ್ಲದ ಊರಿನಲ್ಲಿ ಅದು ಎಂದೂ ಹುಟ್ಟಿಲ್ಲ. ಕೇಳುವ ಕೆಲಸವನ್ನು ನಾವು ಮಾಡೋಣ.